ಮಧ್ಯದಲ್ಲಿ ಖಾಲಿ ಇದೆ

ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದ ಕಂಡಕ್ಟರ್ ಈಗ ನಗರಸಭೆ ಚುನಾವಣೆಗೆ ನಿಂತಿದ್ದ. ಎದುರಾಳಿ ಟೀಚರಮ್ಮ ಊರಿಗೆ ಮೆಟ್ರೋ ಬೇಕೆಂದರೆ, ಇವನು ಬಸ್ಸೇ ಸಾಕೆಂದು ಪಟ್ಟು ಹಿಡಿದಿದ್ದ. ಚರ್ಚೆಯ ದಿನ ಶಾಲೆಯ ಸಭಾಂಗಣ ತುಂಬಿ, ಜನ ಬಾಗಿಲಲ್ಲೇ ನಿಂತುಬಿಟ್ಟರು. ಬಾಗಿಲಲ್ಲಿ ನಿಂತವರನ್ನು ಕಂಡರೆ ಕಂಡಕ್ಟರನಿಗೆ ಮೈಯೆಲ್ಲ ಉರಿಯುತ್ತದೆ.

"ಒಳಗೆ ನಡೀರಿ, ಮಧ್ಯದಲ್ಲಿ ಖಾಲಿ ಇದೆ. ಅಕ್ಕಾ, ಮಗೂನ ತೊಡೆ ಮೇಲೆ ಕೂರಿಸ್ಕೊಳ್ಳಿ," ಎನ್ನುತ್ತಾ ಅಷ್ಟೂ ಜನರನ್ನು ಒಳಗೆ ತುರುಕಿ, ಬೆವರು ಒರೆಸಿಕೊಂಡು ವೇದಿಕೆ ಹತ್ತಿದ. "ನಮ್ಮ ಬಸ್ಸಲ್ಲಿ ಜನಕ್ಕೆ ಏನ್ರೀ ಕಷ್ಟ?" ಎಂದು ಮೈಕಿನಲ್ಲಿ ಕೇಳಿದ.

ಟೀಚರಮ್ಮ ಎದ್ದು, "ಇನ್ನು ನಾನು ಹೇಳೋದೇನೂ ಉಳಿದಿಲ್ಲ," ಎಂದು ಕೂತುಬಿಟ್ಟರು.

ಮುಂದಿನ ಸಾಲಿನಲ್ಲಿ ತನ್ನ ಹೆಂಡತಿಯೇ ಟೀಚರಮ್ಮನಿಗೆ ಚಪ್ಪಾಳೆ ತಟ್ಟಲು ಹೊರಟದ್ದು ಕಂಡಕ್ಟರನಿಗೆ ಕಾಣಿಸಿತು. ಪುಣ್ಯಕ್ಕೆ, ಕೈ ಎತ್ತಲು ಅವಳಿಗೆ ಜಾಗವಿರಲಿಲ್ಲ.