ಜರೀಗಿಡದ ರಂಗೋಲಿ ಹುಳ

ನುಸಿಗುಳಿಗೆಯ ವಾಸನೆ ಬಂದರೆ ಸುಚಿತ್ರಾಳಿಗೆ ಈಗಲೂ ಜಗಳೂರಿನಲ್ಲಿ ತಾನು ಓದಿದ ಶಾಲೆಯ ಗಾಜಿನ ಪೆಟ್ಟಿಗೆ ಕಣ್ಣಿಗೆ ಕಟ್ಟುತ್ತದೆ. ಅದರೊಳಗೆ ಸಾಲಾಗಿ ಚಿಟ್ಟೆಗಳು, ಒಂದೊಂದರ ಬೆನ್ನಿಗೂ ಒಂದೊಂದು ಗುಂಡುಸೂಜಿ. ಹುಳಗಳನ್ನು ದೂರವಿಡಬೇಕಾದ ಆ ವಾಸನೆಯೇ ಅವಳನ್ನು ಹುಳಗಳ ಬೆನ್ನು ಹತ್ತಿಸಿತು. ಮೂವತ್ತೊಂದನೇ ವಯಸ್ಸಿಗೆ ಅವಳ ಪಿಎಚ್.ಡಿ. ಎಳ್ಳಿನಷ್ಟು ದೊಡ್ಡ ಒಂದು ಹುಳದ ಮೇಲೆ ನಿಂತಿತ್ತು.

ಹಳೇ ಬಾವಿಗಳ ತೇವದ ಗೋಡೆಯಲ್ಲಿ ಬೆಳೆಯುವ ಜರೀಗಿಡದ ಎಲೆಯ ಎರಡು ಪದರಗಳ ನಡುವೆ ಹೊಕ್ಕು, ಒಳಗೊಳಗೇ ತಿನ್ನುತ್ತಾ ಬಿಳಿ ಗೆರೆ ಎಳೆಯುವ ಹುಳ ಅದು. ಟೊಮೆಟೊ ಎಲೆಯಲ್ಲಿ ಇಂಥ ಗೆರೆ ಕಂಡರೆ ರೈತರು ರಂಗೋಲಿ ಹುಳ ಎನ್ನುತ್ತಾರೆ. ಜರೀಗಿಡದ್ದು ಯಾವ ಜಾತಿಯೆಂದು ಹೇಳಲು ಗೆರೆಯೊಂದೇ ಸಾಲದು. ರೆಕ್ಕೆ ಬಂದು ಹೊರಬಿದ್ದದ್ದನ್ನು ಹಿಡಿಯಬೇಕು. ಚನ್ನಗಿರಿ ಕಡೆಯ ಹಳೇ ಬಾವಿಗಳನ್ನೆಲ್ಲ ಇಣುಕಿ, ಸಂತೇಬೆನ್ನೂರಿನಲ್ಲೂ ಹುಡುಕಿ, ಕೊನೆಗೆ ಗೋವಿನಕೋವಿಯ ನಾಗೇಂದ್ರಪ್ಪನವರ ಮೆಟ್ಟಿಲುಬಾವಿಯಲ್ಲಿ ಅವಳಿಗೆ ಗೆರೆ ಬಿದ್ದ ಎಲೆಗಳು ಸಿಕ್ಕವು. ಎರಡು ಸಲ ಕಿತ್ತು ಊರಿಗೆ ಒಯ್ದಳು. ಎರಡು ಸಲವೂ ಜಗಳೂರಿನ ಬಿಸಿಲಿಗೆ ಎಲೆ ಹಪ್ಪಳವಾಗಿ, ಹುಳ ಒಳಗೇ ಸತ್ತಿತು.

ಮೂರನೇ ಸಲ ಎಲೆ ಕೀಳಲಿಲ್ಲ. ಬಾವಿಯ ಗೋಡೆಯಲ್ಲೇ ಎರಡು ಎಲೆಗಳಿಗೆ ತೆಳು ಬಟ್ಟೆಯ ಚೀಲ ಕಟ್ಟಿ, ಹುಳ ಹೊರಬಂದರೆ ಫೋನ್ ಮಾಡುವಂತೆ ನಾಗೇಂದ್ರಪ್ಪನವರ ಹೆಂಡತಿ ಉಚ್ಚಂಗೆಮ್ಮನನ್ನು ಕೇಳಿಕೊಂಡಳು. ಬಂದ ಮೇಲೆ ಏನು ಮಾಡುತ್ತೀ ಎಂದು ಉಚ್ಚಂಗೆಮ್ಮ ಕೇಳಿದಾಗ, ಯಾವ ಹುಳ ಅಂತ ನೋಡುತ್ತೇನೆ ಅಜ್ಜಿ ಎಂದಷ್ಟೇ ಹೇಳಿದಳು. ಕೊಂದು, ಬಿಡಿಸಿ ನೋಡುವ ವಿಷಯ ನುಂಗಿಕೊಂಡಳು. ಹೇಳಿದರೆ ಮುದುಕಿ ಒಪ್ಪದೆ ಹೋದಾಳು ಎಂಬ ಅಂಜಿಕೆ. ಒಂದು ಹುಳಕ್ಕಾಗಿ ಅಷ್ಟು ದೂರದಿಂದ ಬರುವುದನ್ನು ಕಂಡು ನಾಗೇಂದ್ರಪ್ಪ, ನಮ್ಮ ಟೊಮೆಟೊ ಹೊಲದಲ್ಲಿ ಬೇಕಾದಷ್ಟಿವೆ, ಗೋಣಿಚೀಲ ತನ್ನಿ ಎಂದು ನಕ್ಕಿದ್ದರು.

ಹದಿಮೂರನೇ ದಿನ ಬೆಳಗ್ಗೆ ಫೋನ್ ಬಂತು. ಒಂದು ಎಲೆಯದು ಹೊರಬಂದಿದೆ, ರೆಕ್ಕೆ ಹೊಳೆಯುತ್ತಿವೆ ಎಂದರು ಉಚ್ಚಂಗೆಮ್ಮ. ಸುಚಿತ್ರಾ ದಾವಣಗೆರೆಗೆ ಬಂದು, ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನದ ಹೊತ್ತಿಗೆ ಬಾವಿಗಿಳಿದಳು. ಪ್ರಬಂಧ ಒಪ್ಪಿಸಲು ಇದ್ದದ್ದು ಇನ್ನು ಹನ್ನೊಂದೇ ದಿನ.

ಒಂದು ಚೀಲದ ಬಾಯಿ ಬಿಚ್ಚಿತ್ತು. ಅದರ ಸುತ್ತ, ಬಿಸಿಲಿಗೆ ಎಲೆ ಬಾಡದಿರಲೆಂದು ಉಚ್ಚಂಗೆಮ್ಮ ದಿನಾ ನೆನೆಸಿ ಸುತ್ತಿದ ಹಳೇ ಸೀರೆಯ ತುಂಡು ಇನ್ನೂ ಹಸಿಯಾಗಿತ್ತು.

"ಚೀಲಕ್ಕೆ ತಲೆ ಬಡ್ಕೊಳ್ತಿತ್ತವ್ವ. ನೋಡಾಕಾಗ್ಲಿಲ್ಲ. ನಿಂಗೆ ತಿಳಿಸಿದೆ, ಬಿಟ್ಟೆ," ಎಂದರು ಉಚ್ಚಂಗೆಮ್ಮ, ಕೆಲಸ ಚೊಕ್ಕವಾಗಿ ಮುಗಿಸಿದವರ ಸಮಾಧಾನದಲ್ಲಿ.

ಸುಚಿತ್ರಾ ಮೆಟ್ಟಿಲ ಮೇಲೆ ಕೂತಳು. ಈಗ ಮುಚ್ಚಿಡಲು ಏನೂ ಉಳಿದಿರಲಿಲ್ಲ. ಕೊಲ್ಲದೆ ಹೆಸರು ತಿಳಿಯುವುದಿಲ್ಲ, ಹೆಸರಿಲ್ಲದೆ ಪ್ರಬಂಧವಿಲ್ಲ ಎಂದು ಎಲ್ಲವನ್ನೂ ಹೇಳಿದಳು. ಹೇಳುತ್ತಾ ಸಿಟ್ಟೂ ಬಂತು. ನಿಮ್ಮ ಹೊಲದಲ್ಲಿ ದಿನಾ ಸಾವಿರ ಹುಳಕ್ಕೆ ಔಷಧಿ ಹೊಡೆಯುತ್ತೀರಲ್ಲ ಎಂದೂ ಕೇಳಿಬಿಟ್ಟಳು.

ಉಚ್ಚಂಗೆಮ್ಮ ಹಸಿ ಸೀರೆಯ ತುಂಡನ್ನು ಬಿಚ್ಚಿ ಹಿಂಡಿದರು.

"ಅವು ಕಳ್ಳ ಹುಳ," ಎಂದರು. "ಇದು ನೀನು ನನ್ನ ನಂಬಿ ಬಿಟ್ಟೋದ ಹುಳ. ಮೊದ್ಲೇ ಹೇಳಿದ್ರೆ ನಾ ಒಲ್ಲೆ ಅಂತಿದ್ದೆ, ಅಷ್ಟೇ."

ಸುಚಿತ್ರಾ ಖಾಲಿ ಚೀಲವನ್ನು ಗೋಡೆಯಿಂದ ಬಿಡಿಸಿಕೊಂಡಳು.

"ಇನ್ನೊಂದು ಎಲೆದು ಇನ್ನೂ ಒಳಗೈತೆ. ಅದನ್ನ ನಾ ಕಾಯಲ್ಲ, ಬಿಚ್ಚೋದೂ ಇಲ್ಲ. ನೀನೇ ಕುಂತು ಕಾಯಿ. ಮನ್ಯಾಗೆ ಜಾಗ ಐತೆ."

ಸುಚಿತ್ರಾ ಉಳಿದಳು. ಉಳಿದ ಚೀಲದ ಬಾಯನ್ನು ತಾನೇ ಬಿಗಿದು ಕಟ್ಟಿದಳು, ಬಟ್ಟೆಯನ್ನು ತಾನೇ ನೆನೆಸಿದಳು. ಮಾರನೇ ದಿನ ಬೆಳಗಿನಿಂದ ಹುಳ ಕೊಲ್ಲುವ ಪುಟ್ಟ ಸೀಸೆಯನ್ನು ಪಕ್ಕದಲ್ಲಿಟ್ಟುಕೊಂಡು ಬಾವಿಯ ಮೂರನೇ ಮೆಟ್ಟಿಲಲ್ಲಿ ಕೂತಳು. ಔಷಧಿ ಪಂಪು ಬೆನ್ನಿಗೇರಿಸಿಕೊಂಡು ಟೊಮೆಟೊ ಹೊಲಕ್ಕೆ ಹೊರಟಿದ್ದ ನಾಗೇಂದ್ರಪ್ಪ ಬಾವಿ ಕಟ್ಟೆಯಿಂದ ಬಗ್ಗಿ ನೋಡಿದರು.

"ಒಂದು ಹುಳಕ್ಕೆ ಇಷ್ಟೊತ್ತೇನ್ರೀ?" ಎಂದು ಕನಿಕರಪಟ್ಟು ಮುಂದೆ ಹೋದರು.

ಎಲೆಯೊಳಗಿನ ಹುಳ ಅಲ್ಲಾಡದೆ ಇತ್ತು. ಬಿಸಿಲು ನೆತ್ತಿಗೆ ಬಂದಾಗ ಮೇಲಿನಿಂದ ಹೆಜ್ಜೆ ಸದ್ದಾಯಿತು. ಉಚ್ಚಂಗೆಮ್ಮ ಒಂದೊಂದೇ ಮೆಟ್ಟಿಲಿಳಿದು ಬಂದು, ಸೀಸೆಯನ್ನು ಎರಡು ಬೆರಳಲ್ಲಿ ಹಿಡಿದು ಆಚೆ ಸರಿಸಿ, ರೊಟ್ಟಿ, ಬದನೆಕಾಯಿ ಪಲ್ಯ, ಅಂಚಿಗೊಂದಿಷ್ಟು ಗಟ್ಟಿ ಮೊಸರಿದ್ದ ತಟ್ಟೆಯನ್ನು ಮಾತಿಲ್ಲದೆ ಅವಳ ಕೈಗಿತ್ತರು.