ಹೊಸ್ತಿಲಾಚೆಯ ಹತ್ತನೆಯವನು

ಹೆಸ್ಕೆಲ್ ನಮ್ಮ ಯೆಹೂದಿ ಪ್ರಾರ್ಥನಾ ಮಂದಿರದ ಹೊಸ್ತಿಲು ತುಳಿದು ಇಪ್ಪತ್ತೆರಡು ವರ್ಷವಾಗಿತ್ತು. ಹಾಗಂತ ಒಂದು ದಿನವೂ ತಪ್ಪಿಸಿಕೊಂಡವನಲ್ಲ. ಬೆಳಿಗ್ಗೆ ಆರಕ್ಕೆಲ್ಲ ಬಂದು ಹೊರಗಿನ ಕಲ್ಲುಮೆಟ್ಟಿಲ ಮೇಲೆ, ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿದ್ದ. ಜೆರುಸಲೇಮಿನ ಚಳಿಗೆ ಮಂಡಿ ಹಿಡಿದುಕೊಂಡರೂ ಅಲ್ಲೇ. ಪ್ರಾರ್ಥನೆ ಮುಗಿದ ಮೇಲೆ ಶಾಲು ಮಡಚಿಟ್ಟು ತನ್ನ ಗಡಿಯಾರದ ಅಂಗಡಿ ತೆರೆಯಲು ಹೋಗುತ್ತಿದ್ದ. ಹೊಸಬರು ಯಾರಾದರೂ ಕೇಳಿದರೆ, ಅವನಿಗೆ ಗಾಳಿ ಬೇಕಂತೆ ಎಂದು ನಾನೇ ಬಾಯಿ ಮುಚ್ಚಿಸುತ್ತಿದ್ದೆ.

ನಾನು ಮೊರಾದ್. ಸಂತೆಯಲ್ಲಿ ಉಪ್ಪಿನಕಾಯಿ, ಆಲಿವ್ ಮಾರುತ್ತೇನೆ. ಮಂದಿರದಲ್ಲಿ ಯಾವ ಗೌರವಕ್ಕೆ ಯಾರು ಏಳಬೇಕೆಂದು ಹೆಸರು ಕೂಗುವ ಕೆಲಸ ಮೂವತ್ತು ವರ್ಷದಿಂದ ನನ್ನದು. ಗಂಟಲು ದೊಡ್ಡದೆಂದು ಕೊಟ್ಟರು, ಬುದ್ಧಿ ದೊಡ್ಡದೆಂದಲ್ಲ.

ಮಹಾ ಉಪವಾಸದ ದಿನ, ಸೂರ್ಯ ಇಳಿಯುವ ಹೊತ್ತಿನ ಕೊನೆಯ ಪ್ರಾರ್ಥನೆಗೆ ಪವಿತ್ರ ಸುರುಳಿಗಳ ಕಪಾಟು ತೆರೆಯುವುದು ಹೆಸ್ಕೆಲನ ಮನೆತನಕ್ಕೆ ನಮ್ಮವರು ಬಾಗ್ದಾದಿನಲ್ಲಿದ್ದ ಕಾಲದಿಂದಲೇ ಬಂದ ಗೌರವ. ಅಪ್ಪ ಕಾಲವಾದ ಮೇಲೆ ಅದು ಅಣ್ಣ ಸಸ್ಸೂನನಿಗೆ ಹೋಯಿತು. ತಮ್ಮನಿಗೆ ಒಂದು ಸಲವೂ ಸಿಗಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ನಾನು ಮತ್ತೆ ಸಸ್ಸೂನನ ಹೆಸರು ಕೂಗಿದಾಗ ಹೆಸ್ಕೆಲ್ ಎದ್ದು ನಿಂತ. ಇಷ್ಟು ವರ್ಷ ಕಾದೆ, ಇನ್ನು ನನ್ನ ಕಾಲಾಗಲಿ ಮುಖವಾಗಲಿ ಈ ಹೊಸ್ತಿಲು ದಾಟುವುದಿಲ್ಲ ಎಂದು ತುಂಬಿದ ಸಭೆಯಲ್ಲಿ ದೇವರ ಮೇಲೆ ಆಣೆಯಿಟ್ಟು ಹೊರಗೆ ನಡೆದ. ಮೂರೇ ವಾರಕ್ಕೆ ಸಸ್ಸೂನ್ ಎದೆ ಹಿಡಿದುಕೊಂಡು ಸತ್ತ. ಅಣ್ಣತಮ್ಮಂದಿರು ಮಾತಾಡಿರಲಿಲ್ಲ. ಅಲ್ಲಿಂದ ಆ ಆಣೆಯಲ್ಲಿ ಕೋಪ ಉಳಿಯಲಿಲ್ಲ. ಹೆಸ್ಕೆಲ್ ಅದನ್ನು ತನಗೆ ತಾನೇ ಹಾಕಿಕೊಂಡ ಶಿಕ್ಷೆ ಮಾಡಿಕೊಂಡ.

ನಮ್ಮಲ್ಲಿ ಆಣೆ ಬಿಚ್ಚಿಸಿಕೊಳ್ಳಲು ದಾರಿಯಿದೆ. ಹೊಸ ವರ್ಷಕ್ಕೆ ಮುಂಚೆ ಮೂವರು ನ್ಯಾಯಾಧೀಶರಂತೆ ಕೂರುತ್ತಾರೆ, ಒಬ್ಬ ಎದುರು ನಿಂತು ಬಿಡುಗಡೆ ಕೇಳುತ್ತಾನೆ. ಆಮೇಲೆ ಜಾಗ ಬದಲು. ನ್ಯಾಯ ಹೇಳಲು ಕೂರುವವನು ದರ್ಜಿಯೂ ಆಗಬಹುದು, ಉಪ್ಪಿನಕಾಯಿಯವನೂ ಆಗಬಹುದು. ಹೆಸ್ಕೆಲ್ ಕೂಡ ಪ್ರತಿವರ್ಷ ಮೆಟ್ಟಿಲ ಮೇಲೆ ನಿಂತು ಪುಸ್ತಕದಲ್ಲಿದ್ದುದನ್ನು ಗಡಗಡ ಓದುತ್ತಿದ್ದ, ನಾವು ಮೂವರು ಹೊರಗೆ ಹೋಗಿ ಬಿಡುಗಡೆ ಹೇಳುತ್ತಿದ್ದೆವು, ಅವನು ಮತ್ತೆ ಅಲ್ಲೇ ಕೂರುತ್ತಿದ್ದ. ನೆನಪಿರುವ ಆಣೆಯನ್ನು ಇಂಥದ್ದೆಂದು ಬಾಯಿಬಿಟ್ಟು ಹೇಳದೆ ಅದು ಬಿಚ್ಚುವುದಿಲ್ಲ. ಅವನು ಹೇಳಲಿಲ್ಲ. ನಾವೂ ಕೇಳಲಿಲ್ಲ. ನಾನಂತೂ ಕೇಳುವವನೇ ಅಲ್ಲ.

ಈ ವರ್ಷ ಸಸ್ಸೂನನ ತಿಥಿ ಗುರುವಾರ ಬಂತು. ಅವನ ಮಗ ಯಿಗಾಲ್ ಬಸ್ ಓಡಿಸುವವನು, ತೀರಿಹೋದ ಅಪ್ಪನಿಗಾಗಿ ಕದ್ದೀಶ್ ಪ್ರಾರ್ಥನೆ ಹೇಳಲು ಬೇರ್‌ಶೇಬಾದಿಂದ ಬಂದಿದ್ದ. ಎಂಟಕ್ಕೆ ಅವನು ಹೊರಡಲೇಬೇಕು. ಹತ್ತು ಗಂಡಸರು ಸೇರದೆ ಕದ್ದೀಶ್ ಹೇಳುವಂತಿಲ್ಲ. ಎಣಿಸಿದರೆ ಒಂಬತ್ತು. ಇಬ್ಬರು ಜ್ವರದಲ್ಲಿದ್ದರು, ಒಬ್ಬ ಊರಲ್ಲಿರಲಿಲ್ಲ, ರಾತ್ರಿಗೆ ಬರುವವನಿದ್ದ. ಹತ್ತನೆಯವನು ಮೆಟ್ಟಿಲ ಮೇಲಿದ್ದ.

ಕಿಟಕಿಯಿಂದ ಮುಖ ತೋರಿಸಿದರೂ ಲೆಕ್ಕಕ್ಕೆ ಬರುತ್ತಾನೆ ಎಂದು ನಮ್ಮ ಗುರು ಸಲ್ಮಾನರು ಹೇಳಿ ಕಳಿಸಿದರು. ಮುಖಕ್ಕೂ ಆಣೆಯಿದೆ ಎಂದು ಹೆಸ್ಕೆಲ್ ಅಲುಗಲಿಲ್ಲ. ಯಿಗಾಲ್ ಹೊರಗೆ ಹೋಗಿ ಅವನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಚಿಕ್ಕಪ್ಪ, ಅಪ್ಪನಿಗೋಸ್ಕರ ಕೇಳ್ತಿದೀನಿ. ನನಗೋಸ್ಕರ ಅಲ್ಲ."

ಹೆಸ್ಕೆಲ್ ಗೋಡೆ ಹಿಡಿದು ಎದ್ದ. ಅವನು ಗುರುಗಳ ಹೆಸರು ಹಿಡಿದು ಕರೆದ. ಮೂರು ಕುರ್ಚಿ ಓಣಿಗೆ ಬಂದವು. ಗುರುಗಳು, ದರ್ಜಿ ಮೆನಾಶೆ, ನಾನು ಕೂತೆವು. ಹೆಸ್ಕೆಲ್ ನಿಂತು, ಮೊದಲ ಸಲ, ಪುಸ್ತಕವಿಲ್ಲದೆ ತನ್ನ ಆಣೆಯನ್ನು ಪೂರ್ತಿ ಹೇಳಿದ.

"ದೇವರು ನಿನಗೆ ಈ ಬಾಗಿಲು ಹಾಕಲಿಲ್ಲ ಕಣಪ್ಪ," ಎಂದರು ಗುರುಗಳು. "ಹಾಕ್ಕೊಂಡಿದ್ದು ನೀನು. ಆದ್ರೆ ಸುಮ್ನೆ ಬಿಚ್ಚೋಕಾಗಲ್ಲ. ಆವತ್ತು ನಿನಗೆ ಗೊತ್ತಿಲ್ದೆ ಇದ್ದ ಒಂದು ಸಂಗತಿ ಬೇಕು. ಅದು ಗೊತ್ತಿದ್ದಿದ್ರೆ ಆಣೆ ಇಡ್ತಿರಲಿಲ್ಲ ಅನ್ನೋ ಅಂಥದ್ದು."

"ಅಣ್ಣ ಸಾಯ್ತಾನೆ ಅಂತ ಗೊತ್ತಿದ್ದಿದ್ರೆ ಇಡ್ತಿರಲಿಲ್ಲ."

ಗುರುಗಳು ಆಗದೆಂದು ತಲೆಯಾಡಿಸಿದರು. ಆಣೆಯಿಟ್ಟ ಮೇಲೆ ಹೊಸದಾಗಿ ನಡೆದದ್ದು ಲೆಕ್ಕಕ್ಕೆ ಬರುವುದಿಲ್ಲ, ಆ ಹೊತ್ತಿಗೇ ಇದ್ದ ನಿಜ ಬೇಕು ಎಂದರು. ಹೆಸ್ಕೆಲ್ ಯೋಚಿಸಿದ. ಏನೂ ಇಲ್ಲ ಎಂದ. ಯಿಗಾಲ್ ಗಡಿಯಾರ ನೋಡಿಕೊಂಡ. ಹೆಸ್ಕೆಲ್ ಮತ್ತೆ ಮೆಟ್ಟಿಲ ಮೇಲೆ ಕೂರಲು ಗೋಡೆ ಹಿಡಿದ.

ಆ ನಿಜ ನನ್ನ ಹೊಟ್ಟೆಯಲ್ಲಿತ್ತು. ಹೇಳಿದರೆ ಈ ಓಣಿಯಲ್ಲಿ ತಲೆಯೆತ್ತಿ ಓಡಾಡುವ ಹಾಗಿಲ್ಲ ಎಂದು ಇಷ್ಟು ವರ್ಷ ನಾನು ಅದನ್ನು ಅಲ್ಲೇ ಅದುಮಿಟ್ಟಿದ್ದೆ. ಅವನು ಹೊರಗೆ ಕೂತಿದ್ದ, ನಾನು ಒಳಗೆ ಕೂತಿದ್ದೆ, ಅಷ್ಟೇ ವ್ಯತ್ಯಾಸ.

"ಇದೆ," ಎಂದೆ. "ಆವತ್ತು ಬೆಳಿಗ್ಗೆ ಸಸ್ಸೂನ್ ನನ್ನ ಕಿವೀಲಿ ಹೇಳಿದ್ದ. ಈ ವರ್ಷ ಹೆಸ್ಕೆಲನ ಹೆಸರು ಕೂಗು, ಅವನಿಗೆ ಮೊದಲೇ ಹೇಳ್ಬೇಡ, ಖುಷಿಪಡ್ಲಿ ಅಂತ. ಸಂಜೆ ಹೊತ್ತಿಗೆ ಉಪವಾಸಕ್ಕೆ ನನ್ನ ತಲೆ ಸಿಡೀತಿತ್ತು. ಮರೆತೆ. ರೂಢಿ ಮೇಲೆ ಸಸ್ಸೂನನ ಹೆಸರೇ ಕೂಗ್ಬಿಟ್ಟೆ."

ಉಳಿದದ್ದನ್ನೂ ಹೇಳಿದೆ. ಮರುದಿನವೇ ಸಸ್ಸೂನ್ ನಮ್ಮ ಮನೆಗೆ ಬಂದಿದ್ದ. ತಾನು ಹೇಳಿದರೆ ತಮ್ಮ ನಂಬುವುದಿಲ್ಲ, ನೀನೇ ಹೇಳು ಎಂದು ಬೇಡಿಕೊಂಡಿದ್ದ. ಉಪವಾಸದ ಬೆನ್ನಿಗೇ ಬರುವ ಹಬ್ಬ ಮುಗಿಯಲಿ ಎಂದೆ. ಹಬ್ಬ ಮುಗಿಯಿತು, ಅವನೂ ಹೋದ. ಆಮೇಲೆ ಯಾವ ಬಾಯಲ್ಲಿ ಹೇಳಲಿ?

ಹೆಸ್ಕೆಲ್ ನನ್ನನ್ನೇ ನೋಡುತ್ತಿದ್ದ. ಹೊಡೆದಿದ್ದರೆ ನನಗೆ ಹಗುರವಾಗುತ್ತಿತ್ತು.

ಗುರುಗಳು ಅವನ ಕಡೆ ತಿರುಗಿದರು. "ಹೆಸ್ಕೆಲ್, ಇದು ಗೊತ್ತಿದ್ದಿದ್ರೆ ಆಣೆ ಇಡ್ತಿದ್ಯಾ?"

"ಇಲ್ಲ," ಎಂದ ಹೆಸ್ಕೆಲ್. "ಅಣ್ಣನ ಕಾಲು ಹಿಡ್ಕೋತಿದ್ದೆ."

ನಾವು ಮೂವರೂ ಒಟ್ಟಿಗೆ ಹೇಳಿದೆವು: ನಿನಗೆ ಬಿಡುಗಡೆ, ನಿನಗೆ ಬಿಡುಗಡೆ, ನಿನಗೆ ಬಿಡುಗಡೆ. ಮೂರನೆಯ ಸಲಕ್ಕೆ ನನ್ನ ದೊಡ್ಡ ಗಂಟಲು ಕೈಕೊಟ್ಟಿತು. ಕ್ಷಮಿಸು ಅನ್ನಲು ಬಾಯಿ ತೆರೆದೆ.

"ನಿನ್ನ ವಿಷಯ ಆಮೇಲೆ," ಎಂದ ಅವನು. "ಒಳಗೆ ಅಣ್ಣ ಕಾಯ್ತಿದಾನೆ."

ಹೊಸ್ತಿಲ ಬಳಿ ಒಂದು ಗಳಿಗೆ ನಿಂತ. ಬಾಗಿಲ ಚೌಕಟ್ಟಿನ ಮೇಲೆ ಕೈಯಿಟ್ಟು, ಬೆರಳುಗಳನ್ನು ತುಟಿಗೆ ಮುಟ್ಟಿಸಿಕೊಂಡ. ಆಮೇಲೆ ಬಲಗಾಲಿಟ್ಟು ಒಳಗೆ ಹೋದ. ನಾವು ಹತ್ತು ಜನರಾದೆವು. ಯಿಗಾಲ್ ಕದ್ದೀಶ್ ಹೇಳಿದ. ಆಮೆನ್ ಎನ್ನುವಾಗ ಹೆಸ್ಕೆಲನ ದನಿ ಎಲ್ಲರಿಗಿಂತ ಹಿಂದೆ ಬೀಳುತ್ತಿತ್ತು.

ಗುರುವಾರ ಸುರುಳಿ ಓದುವ ದಿನ. ಕಪಾಟು ತೆರೆಯಲು ಹೆಸರು ಕೂಗಬೇಕಿತ್ತು. ಇನ್ನು ಮೇಲೆ ಈ ಕೆಲಸ ನನ್ನದಲ್ಲ ಎಂದು ಗುರುಗಳ ಕಡೆ ನೋಡಿದೆ. ಅವರು ಗಲ್ಲವೆತ್ತಿ, ಕೂಗು ಎಂದು ಸನ್ನೆ ಮಾಡಿದರು. ಹೆಸ್ಕೆಲನ ಹೆಸರನ್ನು, ಅವನ ಅಪ್ಪನ ಹೆಸರು ಸೇರಿಸಿ, ಇಪ್ಪತ್ತೆರಡು ವರ್ಷ ತಡವಾಗಿ ಕೂಗಿದೆ. ಅವನು ಪರದೆ ಸರಿಸಿ ಬಾಗಿಲು ತೆರೆದು, ಹಣೆಯನ್ನು ಅದರ ಅಂಚಿಗೆ ಒತ್ತಿ ನಿಂತ. ಯಾರೂ ಅವಸರ ಮಾಡಲಿಲ್ಲ. ಯಿಗಾಲನೂ ಗಡಿಯಾರ ನೋಡಲಿಲ್ಲ.

ಎಲ್ಲ ಮುಗಿದು ಶಾಲು ಮಡಚುವಾಗ ಹೆಸ್ಕೆಲ್ ನನ್ನ ಪಕ್ಕದಲ್ಲಿ ಬಂದು ನಿಂತ. ನನ್ನ ಮುಖ ನೋಡಲಿಲ್ಲ.

"ನಾಳೆ ಹತ್ತು ಜನ ಆಗ್ತಾರಾ?"

"ನೀನು ಬಂದ್ರೆ ಆಗ್ತಾರೆ."

"ನಾನು ಬರ್ತೀನಿ," ಎಂದ. ಶಾಲನ್ನು ಚೀಲಕ್ಕೆ ಹಾಕಿ ಗುಂಡಿ ಹಾಕಿದ. "ನೀನೂ ಬಾ ಮೊರಾದ್. ಹೊರಗೆ ಕೂತ್ಕೋಬೇಡ."