ಕೆಂಪಿಗೆ ಕೊಟ್ಟ ಒಂದು ಹಿಡಿ

ಅದು ಮಾವನವರು ಹೇಳಿಕೊಟ್ಟಿದ್ದ ಮದ್ದು. ಹಸುವಿಗೆ ಭೇದಿಯಾದರೆ ಒಂದು ಹಿಡಿ ಭಂಗಿ ಸೊಪ್ಪನ್ನು ಹಂಚಿನ ಮೇಲೆ ಬಾಡಿಸಿ, ಬೆಲ್ಲದಲ್ಲಿ ಉಂಡೆ ಕಟ್ಟಿ ತಿನ್ನಿಸುವುದು. ಸಂಜೆಯೊಳಗೆ ಹಸು ಮೆಲುಕು ಹಾಕುತ್ತಿತ್ತು. ಕಾಮಾಕ್ಷಮ್ಮನವರ ಕೈಯಲ್ಲಿ ಅದು ಒಮ್ಮೆಯೂ ತಪ್ಪಿದ್ದಿಲ್ಲ. ಈ ದಿನ ಅದೇ ಉಂಡೆ ತಿಂದ ಕೆಂಪಿ, ರಾಮನಾಥಪುರದ ಅವರ ಹಿತ್ತಲಲ್ಲಿ ಕಾಲು ಮಡಚಿ ಬಿದ್ದು ಜೊಲ್ಲು ಸುರಿಸುತ್ತಿತ್ತು.

"ಏನು ತಿಂತು ಅಜ್ಜಿ?" ಪಶುವೈದ್ಯೆ ತ್ರಿಶಲಾ ಕೇಳಿದರು. ಕೇಳುತ್ತಲೇ ತಮ್ಮ ದುಪಟ್ಟಾದ ತುದಿಯಿಂದ ಕೆಂಪಿಯ ಬಾಯಿ ಒರೆಸಿದರು.

ಕಾಮಾಕ್ಷಮ್ಮ ಮೊಮ್ಮಗ ಸಂಜಯನ ಕಡೆ ನೋಡಿದರು. ಅವನು ಹಸುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮುಂದಿನ ವಾರ ಹಾಸನದಲ್ಲಿ ಅವನ ಪೊಲೀಸ್ ಕೆಲಸದ ಮೆಡಿಕಲ್ ಪರೀಕ್ಷೆ. ಮೊನ್ನೆ ಅವನ ಬ್ಯಾಗಿನಲ್ಲಿ ಸಿಕ್ಕ ಗಾಂಜಾ ಪೊಟ್ಟಣವನ್ನು ವಾಸನೆಯಲ್ಲೇ ಭಂಗಿಯೆಂದು ಗುರುತಿಸಿ, ಅವನಿಗೆ ಹೇಳದೆ ಎತ್ತಿಟ್ಟಿದ್ದರು. ಈ ದಿನ ಉಂಡೆ ಕಟ್ಟಿದ್ದು ಅದರಿಂದಲೇ. ಬಾಯಿ ಬಿಟ್ಟರೆ ಅವನ ಕೆಲಸ ಹೋದೀತು, ಬಿಡದಿದ್ದರೆ ಕೆಂಪಿ.

"ಬಂಗಿ ಸೊಪ್ಪು ಕಣವ್ವ, ಒಂದು ಇಡಿ. ಇತ್ಲಲ್ಲಿ ಬೆಳ್ದಿತ್ತು."

"ಹಿತ್ತಲ ಸೊಪ್ಪಿಗೆ ಇಷ್ಟು ಆಗಲ್ವಲ್ಲ. ಸರಿಯಾಗಿ ಹೇಳಿ ಅಜ್ಜಿ."

ಕಳೆದುಹೋದ ಪೊಟ್ಟಣ ಎಲ್ಲಿ ಹೋಯಿತೆಂದು ಸಂಜಯನಿಗೆ ಆಗ ಹೊಳೆಯಿತು. "ಸೊಪ್ಪಲ್ಲ ಮೇಡಂ, ಮೊಗ್ಗು. ಅಜ್ಜೀದಲ್ಲ, ನಂದು."

ತ್ರಿಶಲಾ ತಲೆ ಎತ್ತಲಿಲ್ಲ. ಇದ್ದಿಲ ಪುಡಿ ಕಲಸಿ ಕೊಳವೆಯಲ್ಲಿ ಇಳಿಸಿದರು. ಮಡಿಸಿದ ಗೋಣಿಚೀಲವನ್ನು ಕೆಂಪಿಯ ಪಕ್ಕೆಗೆ ಒತ್ತು ಕೊಟ್ಟರು.

"ಒಂದೇ ಗಿಡ ತಾನೆ?" ಕಾಮಾಕ್ಷಮ್ಮನವರಿಗೆ ತಲೆಬುಡ ತಿಳಿಯಲಿಲ್ಲ. "ನಮ್ ಮಾವ ದಿನಾ ಸೇದ್ಬುಟ್ಟು ಒಲ ಉಳೋರು. ಇದ್ಯಾಕವ್ವ ಇಂಗೆ?"

"ಗಿಡ ಅದೇ ಅಜ್ಜಿ, ಬೆಳೆಸಿದ ರೀತಿ ಬೇರೆ. ಜಾಸ್ತಿ ನಶೆ ಇರೋ ಗಿಡದ ಬೀಜಾನೇ ಆರಿಸಿ ಆರಿಸಿ ಎಷ್ಟೋ ವರ್ಷದಿಂದ ಬೆಳೀತಿದ್ದಾರೆ. ಗಂಡು ಗಿಡಾನ ಹತ್ರ ಸೇರಿಸಲ್ಲ. ಬೀಜ ಕಟ್ಟಲ್ಲ, ಕಸುವೆಲ್ಲ ಮೊಗ್ಗಿಗೇ. ನಿಮ್ಮ ಮಾವ ಸೇದಿದ್ದು ಎಲೆ, ಕಡ್ಡಿ, ಬೀಜ ಎಲ್ಲ ಸೇರಿದ್ದು."

"ನಾವು ಒಗೆಸೊಪ್ಪಿನ ಕುಡಿ ಮುರಿಯೋ ಅಂಗೆ. ಊವಾಗಕ್ಕೆ ಬುಟ್ರೆ ಎಲೇಲಿ ಕಾರ ಇರಾಕಿಲ್ಲ."

"ಹೆಚ್ಚುಕಮ್ಮಿ ಅಂಗೇ," ತ್ರಿಶಲಾ ನಕ್ಕರು.

ಅಷ್ಟು ತಿಳಿಯಿತು. ಆದರೆ ವರ್ಷವರ್ಷವೂ ಕುಡಿ ಮುರಿದ ಈ ಕೈಗೆ ಒಂದು ಅನುಮಾನವಾದರೂ ಯಾಕೆ ಬರಲಿಲ್ಲ? ಗಿಡ ಇಷ್ಟು ದೂರ ನಡೆದುಹೋಗಿದ್ದರೂ ಅವರ ಹಿಡಿ ಮಾತ್ರ ಮಾವನ ಕಾಲದಲ್ಲೇ ನಿಂತಿತ್ತು.

ತ್ರಿಶಲಾ ಚೀಟಿಯಲ್ಲಿ 'ವಿಷದ ಗಿಡ ಮೇದಿದೆ' ಎಂದಷ್ಟೇ ಬರೆದು, ನಾಳೆ ಬರುತ್ತೇನೆಂದು ಸ್ಕೂಟರ್ ಹತ್ತಿದರು.

ಹೊತ್ತು ಇಳಿಯುವಾಗ ಕೆಂಪಿ ಕತ್ತೆತ್ತಿತು. ಸಂಜಯ ಇನ್ನೂ ಊಟಕ್ಕೆ ಎದ್ದಿರಲಿಲ್ಲ.

"ನೀನು ದಿವ್ಸಕ್ಕೆ ಎಷ್ಟ್ಲಾ?"

ಅವನು ಕಿರುಬೆರಳ ತುದಿ ತೋರಿಸಿದ. ಕಾಮಾಕ್ಷಮ್ಮ ಆ ಬೆರಳನ್ನು ನೋಡಿದರು, ಬಿದ್ದ ಹಸುವನ್ನು ನೋಡಿದರು.

"ಅಸೂಗಾದ್ರೆ ಓಡೋಗಿ ಡಾಕ್ಟ್ರನ್ನ ಕರ್ದೆ. ನಿಂಗೆ ನಾನು ಯಾರ್‍ನ ಕರೀಲಿ?"

ಅವನು ಎದ್ದು ನೀರಿನ ಬಕೆಟ್ಟು ತಂದು ಕೆಂಪಿಯ ಮೂತಿಗೆ ಹಿಡಿದ. ಹಸು ಒಂದು ಗುಟುಕು ಕುಡಿಯಿತು. "ನಾಳೆ ಅವ್ರು ಬತ್ತಾರಲ್ಲಜ್ಜಿ," ಎಂದ, ನೀರನ್ನೇ ನೋಡುತ್ತ. ಹಸುವಿಗೆಂದನೋ ತನಗೆಂದನೋ, ಕಾಮಾಕ್ಷಮ್ಮನವರಿಗೆ ಗೊತ್ತಾಗಲಿಲ್ಲ. ಅವನ ತಟ್ಟೆಯನ್ನು ಅಲ್ಲಿಗೇ ತಂದಿಟ್ಟರು.